ಪೇಢಿ ಇಲ್ಲದ ದಲ್ಲಾಳಿ

ಮಿರಜ ಪೇಟೆಯ ಹಿಂದಿನ ಓಣಿಯಲ್ಲಿ ಕೋಳಿಗಳು ಇನ್ನೂ ಕೂಗಿ ಮುಗಿಸಿಲ್ಲ. ನೀಲಗಂಗವ್ವ ಬೇರೆಯವರ ಅಡುಗೆಮನೆಯಲ್ಲಿ ಮೊಣಕಾಲೂರಿ ಕೂತು ಒಲೆ ಹಚ್ಚುತ್ತಿದ್ದಾರೆ. ಕುಳ್ಳು ಅವರದೇ, ಸೆರಗಿನಲ್ಲಿ ಕಟ್ಟಿಕೊಂಡು ತಂದದ್ದು. ಕಡ್ಡಿಪೆಟ್ಟಿಗೆಯೂ ಅವರದೇ. ಒಲೆಯ ಮೇಲೆ ಪಾತ್ರೆ ಇಲ್ಲ. ಅವರು ಬಂದಿರುವುದು ಅಡುಗೆಗಲ್ಲ, ಗಾಳಿ ದಿಕ್ಕು ಬದಲಿಸಿದ ಮೇಲೆ ಈ ಮನೆಯಲ್ಲಿ ಹೊಗೆ ಎತ್ತ ಹೋಗುತ್ತದೆ ಎಂದು ನೋಡುವುದಕ್ಕೆ.

ಹೊಗೆ ಏಳುತ್ತದೆ, ಬೆಳಕಿಂಡಿಯವರೆಗೆ ಹೋಗುತ್ತದೆ, ಅಲ್ಲಿಂದ ಮನಸ್ಸು ಬದಲಿಸಿದಂತೆ ತಿರುಗಿ ಕೆಳಗಿಳಿಯುತ್ತದೆ. ನೀಲಗಂಗವ್ವ ಕಣ್ಣೊರೆಸಿಕೊಂಡು ತಲೆಯಾಡಿಸುತ್ತಾರೆ. ಬಾಗಿಲಲ್ಲಿ ನಿಂತ ಅನುಸೂಯಾಬಾಯಿಗೆ ಆ ತಲೆಯಾಟದ ಅರ್ಥ ಗೊತ್ತು. ಮನೆ ಆಕೆಯದು. ಅದನ್ನು ಮಾರಿಸಿಕೊಡಬೇಕಾದವರು ಈ ನೀಲಗಂಗವ್ವ.

“ಮಾವಶಿ, ಹೊಗಿ ನಿಲ್ಲತದ ಅಂತ ಅದನ್ನೂ ಹೇಳಾವ್ರೇನು?”

“ಹೇಳತೇನವ್ವಾ. ನಾ ಹೇಳದಿದ್ರ ತಗೊಂಡವರ ಕಣ್ಣ ಹೇಳತಾವ. ಆವಾಗ ಅವರು ಹೊಗಿನ್ನ ಬೈಯೂದಿಲ್ಲ, ನನ್ನ ಬೈತಾರ.”

“ನಮ್ಮವರ ಬ್ಯಾನಿ ಹೇಳಿದ್ರಿ. ಗ್ವಾಡಿ ತಂಪು ಹೇಳಿದ್ರಿ. ಈಗ ಹೊಗಿ. ಈ ಮನ್ಯಾಗ ಚೊಲೊದ ಏನರ ಐತೋ ಇಲ್ಲೋ?”

“ಬಾವಿ ಐತಲ್ಲ. ಬ್ಯಾಸಗ್ಯಾಗೂ ಎಂಟ ಮೊಳಕ್ಕ ನೀರು. ಅದನ್ನೂ ಹೇಳತೇನಿ.”

“ಯಾವಾಗ? ಅವರು ಎದ್ದ ಹೋದ ಮ್ಯಾಲ?”

ನೀಲಗಂಗವ್ವನಿಗೆ ನಗು ಬರುತ್ತದೆ, ಆದರೆ ನಗುವುದಿಲ್ಲ. ಪಡಸಾಲೆಯಿಂದ ಗಂಡಸಿನ ಕೆಮ್ಮು ಕೇಳಿಸುತ್ತದೆ. ಬಾಯಿಗೆ ಬಟ್ಟೆ ಒತ್ತಿ, ಯಾರಿಗೂ ಕೇಳಿಸಬಾರದೆಂದು ಹಿಡಿದು ಹಿಡಿದು ಬಿಟ್ಟ ಕೆಮ್ಮು. ಕೆಮ್ಮು ನಿಂತ ಮೇಲೆ ಅನುಸೂಯಾಬಾಯಿ ಸೆರಗು ಸರಿಮಾಡಿಕೊಂಡು ಅಂಗಳ ಗುಡಿಸಲು ಹೋಗುತ್ತಾಳೆ. ಇವತ್ತು ಮಾಧವನಗರದ ನೂಲಿನ ವ್ಯಾಪಾರಿಯ ಮನೆಯ ಹೆಂಗಸರು ಮನೆ ನೋಡಲು ಬರುವವರಿದ್ದಾರೆ. ಇಲ್ಲಿಯವರೆಗೆ ಬಂದು ಹೋದವರು ಏಳು ಮನೆಯವರು. ಇವರು ಎಂಟನೆಯವರು.

ಬಿಸಿಲು ಅಂಗಳಕ್ಕೆ ಇಳಿಯುತ್ತದೆ. ಯಾರೂ ಬರುವುದಿಲ್ಲ. ಕೊನೆಗೆ ಬಂದವಳು ಮಜ್ಜಿಗೆ ಮಾರುವ ದುಂಡವ್ವ. ತಲೆಯ ಮೇಲಿನ ಗಡಿಗೆ ಇಳಿಸುವ ಮೊದಲೇ ಸುದ್ದಿ ಇಳಿಸುತ್ತಾಳೆ: “ಮಾಧವನಗರದವರು ಪೇಟಿ ತನಕ ಬಂದಿದ್ರಂತ್ರಿ. ಅಲ್ಲಿ ಅದ್ಯಾರೋ ಏನೋ ಅಂದ್ರಂತ. ಅಲ್ಲಿಂದನ ಟಾಂಗಾ ತಿರಗಿಸಿದ್ರು.”

ಅನುಸೂಯಾಬಾಯಿ ಕಸಬರಿಗೆಯನ್ನು ಗೋಡೆಗೆ ಆನಿಸಿ ಒಳಗೆ ಹೋಗುತ್ತಾಳೆ. ಪೇಟೆಯಲ್ಲಿ ಏನು ಅಂದರು ಎಂದು ದುಂಡವ್ವನನ್ನು ಯಾರೂ ಕೇಳುವುದಿಲ್ಲ.

ನೀಲಗಂಗವ್ವನಿಗೆ ಈಗ ಐವತ್ತೆರಡು. ಹದಿನಾಲ್ಕು ವರ್ಷದ ಹಿಂದೆ ಗಂಡ ಗುರುಸಿದ್ಧಪ್ಪ ಮೂರು ದಿನದ ಜ್ವರದಲ್ಲಿ ತೀರಿಕೊಂಡರು. ಅವರೂ ಮನೆ ಮಾರಿಸುವ ದಲ್ಲಾಳಿಯೇ. ಮೈದುನರದು ಅರಿಷಿಣದ ಅಡತಿ ಅಂಗಡಿ. ಅವರು ಅತ್ತಿಗೆಗೆ ಮನೆಯ ಒಂದು ಮೂಲೆ ತೋರಿಸಿ, ಎರಡು ಹೊತ್ತಿನ ಊಟಕ್ಕೆ ಏನೂ ಕಡಿಮೆ ಇಲ್ಲ ಎಂದರು. ಕಡಿಮೆ ಇರಲಿಲ್ಲ ನಿಜ. ಆದರೆ ಗಂಡ ಮಾರಿಸಿಕೊಡಲು ಒಪ್ಪಿಕೊಂಡಿದ್ದ ಒಂದು ಮನೆಯ ಕೀಲಿ ಗೂಟಕ್ಕೆ ಹಾಗೆಯೇ ನೇತಾಡುತ್ತಿತ್ತು. ದಿನಾ ಅದನ್ನು ನೋಡಿ ನೋಡಿ ತಡೆಯದೆ, ಒಂದು ದಿನ ಅದನ್ನು ತೆಗೆದುಕೊಂಡು ಹೊರಬಿದ್ದರು. ಆ ಮನೆ ಮಾರಲು ನಾಲ್ಕು ತಿಂಗಳು ಹಿಡಿಯಿತು.

“ಪೇಟ್ಯಾಗ ನಕ್ಕರು. ಹೆಣ್ಣಮಗಳು ಮನಿ ನಡಸೂದ ಕೇಳೇವಿ, ಮನಿ ಮಾರೂದ ಕೇಳಿಲ್ಲ ಅಂದ್ರು. ನಕ್ಕವರ ಹೆಂಡರು ಹಿತ್ತಲ ಬಾಗಲಾ ತಗದು ನನ್ನ ಒಳಗ ಕರದ್ರು. ನನಗ ಅಷ್ಟ ಸಾಕಾತು,” ಎನ್ನುತ್ತಾರೆ ನೀಲಗಂಗವ್ವ.

ಅಂದಿನಿಂದ ಇಂದಿನವರೆಗೆ ನಲವತ್ತಮೂರು ಮನೆ. ವರ್ಷಕ್ಕೆ ಮೂರು ನಾಲ್ಕು, ಒಂದೊಂದು ವರ್ಷ ಒಂದೇ. ದಲಾಲಿ ನೂರಕ್ಕೆ ಒಂದು ರೂಪಾಯಿ. ದಿನಕ್ಕೆ ನಾಲ್ಕೈದು ಮೈಲಿ ನಡಿಗೆ, ಬೇಸಿಗೆಯಲ್ಲೂ. ಪೇಢಿ ಅನ್ನುವ ವ್ಯಾಪಾರದ ಕೋಣೆ ಇಲ್ಲ, ಹೆಸರಿನ ಹಲಗೆ ಇಲ್ಲ, ಗಾದಿ ಇಲ್ಲ, ಗುಮಾಸ್ತರಿಲ್ಲ. ಅವರ ರೀತಿಯೇ ಬೇರೆ. ಕೊಳ್ಳುವವರ ಕಡೆಯ ಹೆಂಗಸರನ್ನು ಮೊದಲು ಕರೆತರುತ್ತಾರೆ, ಅದೂ ಒಲೆ ಹಚ್ಚುವ ಹೊತ್ತಿಗೆ. ಗಂಡಸರು ಮಧ್ಯಾಹ್ನ ಬಂದು ಗೋಡೆ ಬಡಿದು ನೋಡಲಿ, ತೊಲೆ ಎಣಿಸಲಿ. ಆದರೆ ಬೆಳಿಗ್ಗೆ ಆ ಅಡುಗೆಮನೆಯಲ್ಲಿ ಎದೆ ಬಿಗಿಯುತ್ತದೋ ಇಲ್ಲವೋ ಎನ್ನುವುದು ಅಲ್ಲಿ ಮೂವತ್ತು ವರ್ಷ ಕೂರಬೇಕಾದವಳಿಗೆ ತಿಳಿಯಬೇಕು. ಕೊರತೆ ಏನಿದೆಯೋ ಅದನ್ನು ಕೊಳ್ಳುವವರ ಅಡುಗೆಮನೆಯಲ್ಲೇ ಕೂತು ಮೊದಲು ಹೇಳಿಬಿಡುತ್ತಾರೆ. ಹೀಗಾಗಿ ಅವರು ಮಾರಿಸಿದ ಮನೆಯ ಬಗ್ಗೆ ಆಮೇಲೆ ಜಗಳ ಬಂದದ್ದಿಲ್ಲ.

ಮನೆ ಒಪ್ಪಿಸುವುದಕ್ಕೆ ಕಾಗದ ಪತ್ರ ಇಲ್ಲ. ಮಾರುವವರು ಎಲೆ ಅಡಿಕೆಯ ಜೊತೆ ಇನ್ನೊಂದು ಕೀಲಿಯನ್ನು ದಲ್ಲಾಳಿಯ ಕೈಗೆ ಕೊಡುತ್ತಾರೆ. ಆ ಕೀಲಿ ತಿರುಗಿ ಬರುವವರೆಗೆ ಬೇರೆ ದಲ್ಲಾಳಿ ಆ ಹೊಸ್ತಿಲು ತುಳಿಯುವುದಿಲ್ಲ. ಮಿರಜದ ಹಳೆಯ ಪೇಟೆಯಲ್ಲಿ ಇದು ಎಲ್ಲರಿಗೂ ಗೊತ್ತು. ನೀಲಗಂಗವ್ವ ಇಷ್ಟು ವರ್ಷದಲ್ಲಿ ಒಂದು ಕೀಲಿಯನ್ನೂ ಮನೆ ಮಾರದೆ ತಿರುಗಿ ಕೊಟ್ಟದ್ದಿಲ್ಲ.

ಅನುಸೂಯಾಬಾಯಿ ಕೀಲಿ ಕೊಟ್ಟದ್ದು ಮಾಘ ಮಾಸದಲ್ಲಿ. ಈಗ ಚೈತ್ರ ಮುಗಿಯುತ್ತ ಬಂದಿದೆ. ಗಂಡ ಸಿದ್ರಾಮಪ್ಪನಿಗೆ ಕ್ಷಯ. ಈ ಓಣಿಯ ಮನೆಯ ಗೋಡೆಗಳು ಮಳೆಗಾಲದಲ್ಲಿ ನೆಲದಿಂದ ಆಳೆತ್ತರಕ್ಕೆ ತೇವ ಹೀರುತ್ತವೆ. ಡಾಕ್ಟರರು ಸುತ್ತಿ ಬಳಸಿ ಹೇಳಲಿಲ್ಲ: ಇನ್ನೊಂದು ಮಳೆಗಾಲ ಈ ಪಡಸಾಲೆಯಲ್ಲಿ ಮಲಗಿಸಬೇಡಿ, ಬಯಲಿಗೆ ಒಯ್ಯಿರಿ. ಆಕೆಯ ತವರು ಆರಗ. ಅಲ್ಲಿ ಊರ ಹೊರಗೆ, ನಾಲ್ಕೂ ಕಡೆ ಗಾಳಿ ಆಡುವ ಒಂದು ಸಣ್ಣ ಮನೆ ಮಾರಾಟಕ್ಕಿದೆ. ಅಣ್ಣ ಹೇಗೋ ಮಾತನಾಡಿ ಹಿಡಿದಿಟ್ಟಿದ್ದಾನೆ, ಮೃಗಶಿರೆ ಮಳೆ ಬರುವವರೆಗೆ ಮಾತ್ರ. ಇದು ಮಾರಿದರೆ ಅದು ಸಿಗುತ್ತದೆ. ಇದು ಮಾರದಿದ್ದರೆ ಸಿದ್ರಾಮಪ್ಪ ಇದೇ ಗೋಡೆಯ ಪಕ್ಕ ಮಲಗಬೇಕು. ಅದರ ಮುಂದಿನದನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಹದಿಮೂರು ವರ್ಷದ ಮಗಳು ಸುನಂದಾಳಿಗೂ ಅದು ಗೊತ್ತಿದೆ.

ಮಾಧವನಗರದವರು ತಿರುಗಿ ಹೋದ ಮರುದಿನ ಓಣಿಯಲ್ಲಿ ಸೈಕಲ್ಲಿನ ಗಂಟೆ ಕೇಳುತ್ತದೆ. ಬಂದವನು ಜಿನಪ್ಪ, ಸಾಂಗಲಿಯ ನೇಮಿನಾಥ ಶೇಠರ ದಲಾಲಿ ಪೇಢಿಯ ಗುಮಾಸ್ತ. ಈಚೆಗೆ ಆ ಪೇಢಿಯ ಹೆಸರು ಎಲ್ಲರ ಬಾಯಲ್ಲಿದೆ. ಬ್ರಹ್ಮದೇಶದಲ್ಲಿ ಯುದ್ಧ ನಡೆದಿದೆ, ಮುಂಬಯಿಯ ಮೇಲೂ ಬಾಂಬು ಬೀಳುತ್ತದೆಂದು ಹೆದರಿ ಅಲ್ಲಿಯ ಶ್ರೀಮಂತರು ಹೆಂಡತಿ ಮಕ್ಕಳನ್ನು ಒಳನಾಡಿನ ಊರುಗಳಿಗೆ ಕಳಿಸುತ್ತಿದ್ದಾರೆ. ಮನೆ ನೋಡದೆಯೇ ಕೊಳ್ಳುತ್ತಿದ್ದಾರೆ. ಅಂಥವರ ಹೆಸರುಗಳೆಲ್ಲ ಶೇಠರ ವಹಿ ಪುಸ್ತಕದಲ್ಲಿವೆ.

ಜಿನಪ್ಪ ಹೊಸ್ತಿಲು ದಾಟುವುದಿಲ್ಲ. ಕಟ್ಟೆಯ ಮೇಲೆ ಕೂತು ಟೊಪ್ಪಿಗೆಯಿಂದ ಗಾಳಿ ಬೀಸಿಕೊಳ್ಳುತ್ತಾನೆ.

“ಬಾಯಿಯವರ, ಶೇಠಜಿ ಮುಂಬಯಿಗೆ ಒಂದ ತಾರ ಹೊಡದ್ರ ಎಂಟ ದಿನದಾಗ ಗಿರಾಕಿ, ಮ್ಯಾಲ ಮುನ್ನೂರ ಹೆಚ್ಚಿಗಿ. ನಮ್ಮ ಕಡೆ ಟೆಲಿಫೋನ ಐತಿ, ಮೂರ ಮಂದಿ ಗುಮಾಸ್ತರದೇವಿ. ಮಾವಶಿ ಕಡೆ ಏನೈತಿ? ಎರಡ ಚಪ್ಪಲಿ.”

“ಅದರಾಗೂ ಒಂದು ಹರದೈತಿ,” ಎನ್ನುತ್ತಾರೆ ಅಲ್ಲೇ ಇದ್ದ ನೀಲಗಂಗವ್ವ.

ಜಿನಪ್ಪ ನಗುತ್ತಾನೆ. ಕೆಟ್ಟವನಲ್ಲ. ಆದರೆ ಅನುಸೂಯಾಬಾಯಿ ನಗುವುದಿಲ್ಲ. ತಗ್ಗಿದ ದನಿಯಲ್ಲಿ ಕೇಳುತ್ತಾಳೆ: “ಮತ್ತ... ಇವರ ಬ್ಯಾನಿ?”

“ಯಾರ ಕೇಳತಾರ್ರಿ? ಕೇಳದವರಿಗೆ ಕರದು ಹೇಳಬೇಕಂತ ಯಾವ ಸಂಸ್ಥಾನದ ಕಾಯದೆ ಐತಿ? ಎರಡ ಕೈ ಸುಣ್ಣಾ ಬಡಸ್ರಿ. ಗ್ವಾಡಿಗೇನ ನೆನಪಿರತದ?”

ಅವನು ಹೋದ ಮೇಲೆ ನೀಲಗಂಗವ್ವ ಸೊಂಟದ ಚೀಲದಿಂದ ಕೀಲಿ ತೆಗೆಯುತ್ತಾರೆ. “ನಿನಗ ಅವರ ಕಡೆ ಕೊಡಬೇಕನಸಿದ್ರ ಕೊಡವ್ವಾ. ನಾ ಬ್ಯಾಸರ ಮಾಡ್ಕೊಳ್ಳೂದಿಲ್ಲ.”

ಅನುಸೂಯಾಬಾಯಿ ಕೀಲಿಯ ಕಡೆ ನೋಡುವುದೂ ಇಲ್ಲ. ಮೂರು ತಿಂಗಳು ಕಟ್ಟಿಟ್ಟದ್ದು ಆಗ ಒಡೆಯುತ್ತದೆ.

“ಕೀಲಿ ಕೊಟ್ರ ಆತೇನು ಮಾವಶಿ? ಏಳ ಮನಿಗೆ ಹೇಳಿ ಬಂದ್ರಿ. ನೀವು ಮನಿ ಮಾರಲಿಲ್ಲ, ಅವರ ಬ್ಯಾನಿ ಮಾರಿ ಬಂದ್ರಿ! ನೀರಿಗೆ ಹೋದ್ರ ಹೆಂಗಸರು ಕೊಡಾ ಸರಸ್ತಾರ. ನಾಳೆ ನನ್ನ ಸುನಂದಾನ್ನ ಯಾವ ಮನಿಯವರು ಕೇಳತಾರ? ಅದಕ್ಕ ಎಲ್ಲಿ ಕೀಲಿ ಐತಿ ನಿಮ್ಮ ಕಡೆ?”

ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದ ಸುನಂದಾ ಮೊರದ ಮೇಲೆ ಇನ್ನಷ್ಟು ಬಗ್ಗುತ್ತಾಳೆ. ಪಡಸಾಲೆಯಲ್ಲಿ ಕೆಮ್ಮೂ ಇಲ್ಲ, ಸದ್ದೂ ಇಲ್ಲ. ಅಲ್ಲಿ ಮಲಗಿದವರಿಗೆ ಪ್ರತಿಯೊಂದು ಮಾತೂ ಕೇಳಿಸಿದೆ ಎಂದು ನೀಲಗಂಗವ್ವನಿಗೆ ತಿಳಿಯುತ್ತದೆ.

ಕೀಲಿ ನೀಲಗಂಗವ್ವನ ಚೀಲಕ್ಕೇ ಮರಳುತ್ತದೆ. ಆ ಮಧ್ಯಾಹ್ನ ಅವರು ಊಟ ಮಾಡುವುದಿಲ್ಲ. ಮನೆಗೆ ಬಂದು, ಬಂದು ಹೋದ ಏಳು ಮನೆಗಳನ್ನು ಬೆರಳು ಮಡಿಸಿ ಮಡಿಸಿ ನೆನೆಯುತ್ತಾರೆ. ಒಬ್ಬರ ಮಗಳು ಇನ್ನೊಬ್ಬರ ಸೊಸೆ. ಇನ್ನೊಬ್ಬರ ತಂಗಿ ಮತ್ತೊಬ್ಬರ ನಾದಿನಿ. ಏಳೂ ಒಂದೇ ಪೇಟೆಯ ಮನೆಗಳು, ಒಂದೇ ಬಳಗ. ಮೊದಲ ಅಡುಗೆಮನೆಯಲ್ಲಿ ಬೆಳಿಗ್ಗೆ ಹೇಳಿದ್ದು ಸಂಜೆಗೆ ಏಳನೆಯದಕ್ಕೆ ಮುಟ್ಟಿದೆ. ಉಳಿದವರು ಬಂದದ್ದು ಬರುತ್ತೇವೆಂದು ಮಾತು ಕೊಟ್ಟದ್ದಕ್ಕೆ ಮಾತ್ರ; ಕೊಳ್ಳುವ ಮನಸ್ಸಿನಿಂದಲ್ಲ. ಯಾವ ಹಿತ್ತಲ ಬಾಗಿಲುಗಳಿಂದ ಇಷ್ಟು ವರ್ಷ ಅನ್ನ ಹುಟ್ಟಿತೋ ಅವೇ ಬಾಗಿಲುಗಳಿಂದ ಈ ಮನೆಯ ಹೆಸರು ಕೆಟ್ಟಿತು. ಕೆಡಿಸಿದವರು ಬೇರೆ ಯಾರೂ ಅಲ್ಲ.

“ಮಾಳಗಿ ಸೋರತದ ಅಂತ ಹತ್ತ ಮನ್ಯಾಗ ಹೇಳಬಹುದು. ಮಾಳಗಿಗೆ ನಾಚಿಕಿ ಇಲ್ಲ,” ಎಂದು ಈಗ ಅವರು ಹೇಳುತ್ತಾರೆ. “ಮನಶ್ಯಾನ ಬ್ಯಾನಿನೂ ಹಂಗ ಹೇಳಕೋತ ಹೋದೆ ನೋಡ್ರಿ. ಖರೇ ಹೇಳಿದೆ ಅನ್ನೂದು ಖರೇ. ಎಲ್ಲಿ ಹೇಳಬೇಕು ಅನ್ನೂದ ತಿಳೀಲಿಲ್ಲ. ಕೊಳ್ಳಾಕ ಮನಸ ಮಾಡಿದವರಿಗೆ, ಅದ ಮನ್ಯಾಗ ನಿಂತು, ಅವರ ಕಿವ್ಯಾಗ ಹೇಳಬೇಕಿತ್ತು.”

ಎರಡು ಭಯಗಳ ನಡುವೆ ಅವರು ಸಿಕ್ಕಿಬಿದ್ದಿದ್ದಾರೆ. ಶೇಠರ ಪೇಢಿಗೆ ಬಿಟ್ಟುಕೊಟ್ಟರೆ ಮುಂಬಯಿಯ ಯಾವಳೋ ಬಸುರಿ, ಯಾವುದೋ ಅಂಬೆಗಾಲಿಡುವ ಕೂಸು ಏನೂ ಅರಿಯದೆ ಆ ಪಡಸಾಲೆಗೆ ಬರುತ್ತದೆ. ಬಿಟ್ಟುಕೊಡದಿದ್ದರೆ ಮಳೆ ಬರುತ್ತದೆ. ಮಳೆಗೆ ಉಳಿದಿರುವುದು ಆರು ವಾರ. ತನ್ನದು ನೀತಿಯೋ ಹಟವೋ ಎಂದು ಕೇಳಿಕೊಂಡರೆ ಯಾವುದಕ್ಕೂ ಗಟ್ಟಿಯಾಗಿ ಹೌದೆನ್ನಲು ಬರುವುದಿಲ್ಲ. ತನ್ನ ಪೇಢಿ ದೊಡ್ಡದಿದ್ದಿದ್ದರೆ, ಈ ಏಳು ಮನೆಗಳ ಆಚೆಗೂ ತನಗೆ ಜನ ಗೊತ್ತಿದ್ದಿದ್ದರೆ, ಎಂದು ಮನಸ್ಸು ಅಲ್ಲಲ್ಲೇ ತಿರುಗುತ್ತದೆ.

ಮರುದಿನ ಅವರು ಸಾಂಗಲಿಯ ರೈಲು ಹತ್ತುತ್ತಾರೆ. ಶೇಠರ ಪೇಢಿಗೆ ಹೋಗುವುದು ಇದೇ ಮೊದಲು. ಬಿಳಿ ಗಾದಿ, ಲೋಡು, ಗೋಡೆಗೆ ಟೆಲಿಫೋನು, ಮೇಜಿನ ಮೇಲೆ ಕೆಂಪು ಬಟ್ಟೆಯ ದಪ್ಪ ವಹಿಗಳು. ಬಾಗಿಲಲ್ಲಿ ಹರಿದ ಚಪ್ಪಲಿ ಬಿಡುವಾಗ ಅದನ್ನು ಸಾಲಿನ ತುದಿಗೆ, ಕಾಣದಂತೆ ಸರಿಸುತ್ತಾರೆ.

“ಬರ್ರಿ ನೀಲಗಂಗಾಬಾಯಿ, ಕುಂದ್ರಿ. ಗುರುಸಿದ್ಧಪ್ಪನವರ ಪರಿಚಯ ನನಗ ಚೊಲೊ ಇತ್ತು,” ಎನ್ನುತ್ತಾರೆ ನೇಮಿನಾಥ ಶೇಠರು. ಚಹ ತರಿಸುತ್ತಾರೆ.

ನೀಲಗಂಗವ್ವ ಚಹ ಮುಟ್ಟುವ ಮೊದಲೇ ಬಂದ ಕೆಲಸ ಹೇಳುತ್ತಾರೆ. “ಶೇಠಜೀ, ಗಿರಾಕಿನ್ನ ನೀವು ತರ್ರಿ. ಬ್ಯಾನಿ ಸುದ್ದಿ ಹೇಳೂದು ನನಗ ಬಿಡ್ರಿ. ದಲಾಲಿ ಪೂರಾ ನಿಮ್ಮದ.”

ಶೇಠರು ಲೋಡಿಗೆ ಒರಗಿ ಕೂರುತ್ತಾರೆ. “ಹೇಳಿದ ಮ್ಯಾಲ ಗಿರಾಕಿ ಎಲ್ಲಿ ಉಳೀತಾನ ಬಾಯಿ? ನಾ ಸುಳ್ಳ ಹೇಳಾಂವಲ್ಲ. ಕೇಳಿದ್ರ ಹೇಳತೇನಿ, ಕೇಳದಿದ್ರ ಸುಮ್ಮನಿರತೇನಿ. ಇಷ್ಟ ದೊಡ್ಡ ಪೇಢಿ ನಡಿಯೂದ ಹಂಗ. ನಿಮಗೊಂದ ಮಾತ ಹೇಳಲೇನು? ಸಿಟ್ಟಿಗೇಳಬ್ಯಾಡ್ರಿ. ನನ್ನ ವಹಿಯೊಳಗ ನಾಕನೂರ ಹೆಸರದಾವ. ನಿಮಗ ಎಷ್ಟ ಮನಿ ಗೊತ್ತು? ನಲವತ್ತು? ಆ ನಲವತ್ತರೊಳಗ ಗಾಣದ ಎತ್ತಿನಗತೆ ತಿರುಗಿ ತಿರುಗಿ ಆ ಹೆಣ್ಣಮಗಳ ದಿನಾ ಕಳ್ಯಾಕ್ಹತ್ತೀರಿ.”

ನೀಲಗಂಗವ್ವ ಚಹದ ಕಪ್ಪು-ಬಸಿ ಕೆಳಗಿಡುತ್ತಾರೆ. ನಿನ್ನೆ ಮಧ್ಯಾಹ್ನ ತಮಗೆ ತಾವೇ ಹೇಳಿಕೊಂಡದ್ದೂ ಇದನ್ನೇ.

ಮಾತು ಹಗುರ ಮಾಡಬೇಕೆಂದೋ ಏನೋ, ಮೇಜಿನ ಹಿಂದಿನಿಂದ ಜಿನಪ್ಪ ಬಾಯಿ ಹಾಕುತ್ತಾನೆ. “ನಮ್ಮ ವಹಿಯೊಳಗ ಎಂಥೆಂಥಾವ್ರದಾರ ಮಾವಶಿ! ಜಗತ್ತಿನ್ಯಾಗ ಯಾರೂ ಮನಿ ಕೊಡದವರೂ ಅದಾರ. ನಿಮ್ಮ ಮಿರಜದಾಕಿನ ಒಬ್ಬಾಕಿ, ಕ್ಷಯದ ವಾರ್ಡಿನ ಆಯಾ. ಎರಡ ವರ್ಷದಾಗ ಆರ ಸಲ ಬಂದ್ಹೋಗ್ಯಾಳ. ಅಕಿಗೆ ತೋರಸ್ರಿ ಆ ಮನಿ. ಮನಿಗೂ ಅಕಿಗೂ ಜೋಡಿ ಚೊಲೊ ಕೂಡತದ!”

ಉಳಿದ ಇಬ್ಬರು ಗುಮಾಸ್ತರು ನಗುತ್ತಾರೆ. ಶೇಠರ ಮೀಸೆಯೂ ಸ್ವಲ್ಪ ಅಲುಗುತ್ತದೆ. ನೀಲಗಂಗವ್ವ ನಗುವುದಿಲ್ಲ. ಜಿನಪ್ಪನನ್ನೇ ದಿಟ್ಟಿಸಿ ನೋಡುತ್ತಾರೆ.

“ಅಕಿ ಹೆಸರೇನ ಜಿನಪ್ಪಾ?”

ನಗು ತಾನಾಗಿ ನಿಲ್ಲುತ್ತದೆ. ಶೇಠರು ವಹಿ ತೆಗೆಸುತ್ತಾರೆ. ಎರಡು ವರ್ಷದ ಹಿಂದಿನ ಹಾಳೆಯಲ್ಲಿ, ಕೆಳಗಿನಿಂದ ಮೂರನೆಯ ಸಾಲಿನಲ್ಲಿ ಇದೆ: ಸರುಬಾಯಿ. ಪಕ್ಕದಲ್ಲಿ ಯಾರೂ ಏನೂ ಬರೆದಿಲ್ಲ.

“ಬಾಯಿ, ಇದು ನಮ್ಮ ವಹಿಯ ಹೆಸರು,” ಎನ್ನುತ್ತಾರೆ ಶೇಠರು, ಈಗ ವ್ಯಾಪಾರದ ದನಿಯಲ್ಲಿ.

“ಹೌದ್ರಿ. ವ್ಯವಹಾರ ಆದ್ರ ಅರ್ಧಾ ದಲಾಲಿ ನಿಮ್ಮದ.”

ಸರುಬಾಯಿಗೆ ಐವತ್ತರ ಹತ್ತಿರ. ಇಪ್ಪತ್ತೆರಡು ವರ್ಷದಿಂದ ಕ್ಷಯರೋಗಿಗಳ ವಾರ್ಡಿನಲ್ಲಿ ಕೆಲಸ. ತಂಗಿಯೂ ಅಲ್ಲೇ. ಇಬ್ಬರೂ ಸೇರಿ ಕೂಡಿಹಾಕಿದ ಹಣವಿದೆ, ಎರಡು ಜೊತೆ ಬಂಗಾರದ ಪಾಟಲಿ ಬಳೆಗಳಿವೆ. ಆದರೆ ಎಲ್ಲಿ ಕೆಲಸ ಎಂದು ಕೇಳಿದ ಕೂಡಲೇ ಮನೆಯವರ ಮುಖ ಬದಲಾಗುತ್ತದೆ. ಎರಡು ವರ್ಷ ಹೀಗೇ ಅಲೆದಿದ್ದಾರೆ. ನೀಲಗಂಗವ್ವ ಅವರನ್ನು ಕರೆತಂದದ್ದು ತಮ್ಮ ಪದ್ಧತಿಯಂತೆ ಬೆಳಗಿನ ಹೊತ್ತಿಗೆ. ಒಲೆ ಹಚ್ಚಿ, ಅಡುಗೆಮನೆಯ ಬಾಗಿಲು ಮುಚ್ಚಿ, ದನಿ ತಗ್ಗಿಸಿ ಸಿದ್ರಾಮಪ್ಪನ ಕಾಯಿಲೆ ಹೇಳುತ್ತಾರೆ. ಇದು ತಪ್ಪಿದರೆ ಮುಂದೆ ಯಾರೂ ಇಲ್ಲ.

ಸರುಬಾಯಿ ಗಟ್ಟಿಯಾಗಿ ನಕ್ಕುಬಿಡುತ್ತಾರೆ. “ಅಗ ಬಾಯಿ! ಇಪ್ಪತ್ತೆರಡ ವರ್ಷ ಅವರ ಉಗುಳಿನ ಪೀಕದಾನಿ ತೊಳದೇನಿ. ನನಗ ಕ್ಷಯದ ಅಂಜಿಕಿ ಹಾಕ್ತೀರೇನು? ಈ ಹೊಗಿ ನೋಡ್ರಿ, ಇದಕ್ಕ ಅಂಜತೇನಿ. ಆ ಗ್ವಾಡಿ ಒಡದು ಒಂದ ಕಿಡಕಿ ಇಡಬೇಕು. ಪಡಸಾಲ್ಯಾಗ ಎರಡು. ನೆಲಾ ಕೆತ್ತಿ ತಗದು, ಸುಣ್ಣದ ನೀರ ಬಿಟ್ಟು, ಮಳಿಗಾಲ ಮುಗದ ಮ್ಯಾಲ ತಿಂಗಳಾನಗಟ್ಟಲೆ ಬಿಸಲ ಕುಡಸಬೇಕು. ಆಮ್ಯಾಲ ಬರತೇವಿ ನಾವಿಬ್ಬರೂ.”

ಹಾಗೆನ್ನುತ್ತಲೇ ಅವರು ಯಾರನ್ನೂ ಕೇಳದೆ ಪಡಸಾಲೆಗೆ ನಡೆಯುತ್ತಾರೆ. ಸಿದ್ರಾಮಪ್ಪನ ಹೊರಸಿನ ಬಳಿ ನೆಲದ ಮೇಲೆ ಕೂರುತ್ತಾರೆ. ದಿಂಬು ತೆಗೆದು ಎತ್ತರ ಮಾಡಿ ಇಡುತ್ತಾರೆ. “ಏನ್ರಿ ಮಾಲಕ, ನಿನ್ನೆ ಏನ ಉಂಡ್ರಿ?” ಎಂದು ಕೇಳುತ್ತಾರೆ.

ಐದು ತಿಂಗಳಿಂದ ಹೊರಗಿನವರು ಯಾರೂ ಆ ಹೊರಸಿನ ಹತ್ತಿರ ಕೂತಿಲ್ಲ. ಬಂದ ಬೀಗರೂ ಬಾಗಿಲಲ್ಲೇ ನಿಂತು ಮಾತನಾಡಿ ಹೋಗಿದ್ದಾರೆ. ನೀಲಗಂಗವ್ವ ಕೂಡ. ಅದು ಅವರಿಗೆ ಆ ಕ್ಷಣದಲ್ಲಿ ಹೊಳೆಯುತ್ತದೆ. ಎಲ್ಲ ಕೊರತೆ ಹೇಳುವ ತಾವು, ಈ ಮೂರು ತಿಂಗಳಲ್ಲಿ ಒಮ್ಮೆಯೂ ಆ ಹೊಸ್ತಿಲು ದಾಟಿ ಒಳಗೆ ಹೋಗಿಲ್ಲ. ಅನುಸೂಯಾಬಾಯಿ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಾಳೆ.

ಸರುಬಾಯಿ ಕೊಡಬಲ್ಲ ಬೆಲೆ ಅನುಸೂಯಾಬಾಯಿ ಹೇಳಿದ್ದಕ್ಕಿಂತ ನೂರೈವತ್ತು ರೂಪಾಯಿ ಕಡಿಮೆ. ಆರಗದ ಮನೆಗೆ ಸಾಕಾಗುತ್ತದೆ, ಮೇಲೆ ಏನೂ ಉಳಿಯುವುದಿಲ್ಲ. ಅನುಸೂಯಾಬಾಯಿ ಬಾಯಿ ತೆರೆಯುತ್ತಾಳೆ. ಪೇಢಿಯವರು ಮುಂಬಯಿ ಗಿರಾಕಿಯಿಂದ ಮುನ್ನೂರು ಹೆಚ್ಚು ಕೊಡಿಸುತ್ತಿದ್ದರು ಎಂಬ ಮಾತು ಆಕೆಯ ನಾಲಿಗೆಯ ಮೇಲಿದೆ. ಅಷ್ಟರಲ್ಲಿ ಹೊರಸಿನಿಂದ ಸಿದ್ರಾಮಪ್ಪನ ದನಿ ಬರುತ್ತದೆ.

“ಕೊಟ್ಟಬಿಡು. ಕುಂತ ಮಾತಾಡ್ಸಿದಾರ.”

ಖರೀದಿ ಪತ್ರ ಆಗುತ್ತದೆ. ಅರ್ಧ ದಲಾಲಿಯನ್ನು ನೀಲಗಂಗವ್ವ ಸಾಂಗಲಿಗೆ ತಾವೇ ಒಯ್ದು ಕೊಡುತ್ತಾರೆ. ಜಿನಪ್ಪ ಅದನ್ನು ತೆಗೆದುಕೊಳ್ಳುವಾಗ ತಲೆ ಎತ್ತುವುದಿಲ್ಲ. ಮೃಗಶಿರೆಗೆ ಇನ್ನೂ ಒಂಬತ್ತು ದಿನ ಇರುವಾಗ ಓಣಿಯ ಬಾಯಿಗೆ ಆರಗದ ಗಾಡಿ ಬಂದು ನಿಲ್ಲುತ್ತದೆ. ಹುಲ್ಲು ಹಾಸಿ, ಮೇಲೆ ಕೌದಿ ಹಾಸಿ ಸಿದ್ರಾಮಪ್ಪನನ್ನು ಮಲಗಿಸುತ್ತಾರೆ. ಓಣಿಯ ಬಾಗಿಲುಗಳು ಅರ್ಧರ್ಧ ತೆರೆದುಕೊಂಡಿವೆ, ಹೊರಗೆ ಯಾರೂ ಬಂದಿಲ್ಲ. ಅನುಸೂಯಾಬಾಯಿ ಮನೆಯ ಕೀಲಿಯನ್ನು ಸರುಬಾಯಿಯ ಕೈಗೆ ಕೊಡುತ್ತಾಳೆ. ಮಾರಿದವರು ದಲ್ಲಾಳಿಯ ಕೈಗೆ ಒಂದು ತುಂಡು ಬೆಲ್ಲ ಇಟ್ಟು ಹೊರಡುವುದು ವಾಡಿಕೆ. ನೀಲಗಂಗವ್ವ ಗಾಡಿಯ ಪಕ್ಕದಲ್ಲೇ ನಿಂತಿದ್ದಾರೆ. ಅನುಸೂಯಾಬಾಯಿ ಅವರ ಮುಂದಿನಿಂದ ಹಾದು ಗಾಡಿ ಹತ್ತಿ ಆಚೆ ಮುಖ ಮಾಡಿ ಕೂರುತ್ತಾಳೆ.

ಎತ್ತುಗಳು ಎರಡು ಹೆಜ್ಜೆ ಇಟ್ಟ ಮೇಲೆ ಸುನಂದಾ ಜಿಗಿದು ಇಳಿದು ಓಡಿಬಂದು ಅವರ ಅಂಗೈಯಲ್ಲಿ ಬೆವರಿಗೆ ಅಂಟಂಟಾದ ಒಂದು ಬೆಲ್ಲದ ತುಂಡು ಇಡುತ್ತಾಳೆ.

“ಅವ್ವ ಕೊಡು ಅಂದ್ಲೇನ?”

“ಇಲ್ರಿ ಅಜ್ಜಿ. ನಾನ ತಂದೆ.”

ಈಗ ಶ್ರಾವಣ. ಈ ವರ್ಷದ ಮಳೆ ಜೋರಾಗಿಯೇ ಇದೆ. ನೀಲಗಂಗವ್ವನ ಕೈಯಲ್ಲಿ ಎರಡು ಮನೆಗಳ ಕೀಲಿಗಳಿವೆ, ಒಂದು ಕುಪವಾಡದ್ದು, ಇನ್ನೊಂದು ಕೋಟೆಯ ಹಿಂದಿನದು. ಬೆಳಿಗ್ಗೆ ಕಂಬಳಿ ಕೊಪ್ಪೆ ಹಾಕಿಕೊಂಡು ಹೊರಡುತ್ತಾರೆ. ಪೇಟೆಯ ಹಿತ್ತಲ ಬಾಗಿಲುಗಳು ಈಗಲೂ ತೆರೆಯುತ್ತವೆ. ಒಳಗೆ ಹೋದ ಮೇಲೆ ಅವರು ಮೊದಲಿಗಿಂತ ಕಡಿಮೆ ಮಾತನಾಡುತ್ತಾರೆ. ಮನೆ ಮಾರುವುದಕ್ಕೆ ದೊಡ್ಡ ಪೇಢಿಯೇ ಬೇಕೇ ಎಂದು ಕೇಳಿದವರಿಗೆ ಅವರು ತಮ್ಮ ಕಡೆ ಎಳೆದು ಹೇಳುವುದಿಲ್ಲ.

“ದೊಡ್ಡದಕ್ಕ ದೊಡ್ಡ ಅಳತಿ ಇರತದವ್ವಾ. ಶೇಠಜಿ ಮಾರಿದ್ರ ಅಕಿಗೆ ಮುನ್ನೂರ ಹೆಚ್ಚ ಬರತಿತ್ತು, ಹೋಳಿ ಹುಣ್ಣಿವಿಗೇ ಆರಗಕ್ಕ ಹೋಗತಿದ್ಲು. ನನ್ನಿಂದ ಎರಡ ತಿಂಗಳ ತಡಾ ಆತು. ಸರುಬಾಯಿ ಹೆಸರು ಅವರ ವಹ್ಯಾಗ ಎರಡ ವರ್ಷ ಮಲಗಿತ್ತು, ಅದೂ ಖರೇ. ಯಾವದ ತೂಕಾ ಹೆಚ್ಚು, ನನಗ ಗೊತ್ತಾಗೂದಿಲ್ಲ. ಆ ಎರಡ ತಿಂಗಳ ಅವರ ಎದಿಗೆ ಎಷ್ಟ ಆತು ಅನ್ನೂದು ಯಾವ ದಲಾಲರಿಗೂ ಗೊತ್ತಾಗೂದಿಲ್ಲ.”

ಸಂತೆಯ ದಿನ ಆರಗದಿಂದ ಕುರಿಯ ಉಣ್ಣೆ ಮಾರಲು ಕೃಷ್ಣವ್ವ ಬರುತ್ತಾಳೆ. ಮಳೆ ಇರಲಿ, ಕೆಸರಿರಲಿ, ನೀಲಗಂಗವ್ವ ಆವತ್ತು ಸಂತೆಗೆ ಹೋಗದೆ ಇರುವುದಿಲ್ಲ. ಉಣ್ಣೆ ಕೊಳ್ಳುವುದಿಲ್ಲ. ದೂರದಿಂದಲೇ ಕೃಷ್ಣವ್ವನ ಮುಖ ನೋಡುತ್ತ ಬಂದು ಒಂದೇ ಮಾತು ಕೇಳುತ್ತಾರೆ: “ಅದಾರ?”

“ಅದಾರ್ರಿ. ಅಂಗಳದಾಗ ಹೊರಸ ಹಾಕ್ಕೊಂಡ ಕುಂತಿರತಾರ, ಮಳಿ ಬಿಟ್ಟಾಗ.”

“ಅನುಸೂಯಾ ಏನರ ಅಂದ್ಲೇನ?”

“ಏನೂ ಅನ್ನಲಿಲ್ರಿ.”

ಕೃಷ್ಣವ್ವ ಬರತೊಡಗಿದ ಮೇಲೆ ಇದು ನಾಲ್ಕನೆಯ ಸಂತೆ. ನಾಲ್ಕು ಸಲವೂ ಇಷ್ಟೇ. ತಮಗೆ ಏನು ಬೇಕು ಎಂದು ಕೇಳಿದರೆ ನೀಲಗಂಗವ್ವ ಹೊಸ ಚಪ್ಪಲಿ ಅನ್ನುವುದಿಲ್ಲ, ಪೇಢಿ ಅನ್ನುವುದಿಲ್ಲ. ಕೊಪ್ಪೆಯ ಅಂಚಿನಿಂದ ನೀರು ಹಿಂಡಿ, ಆರಗದ ಗಾಡಿಗಳು ಬಂದು ನಿಲ್ಲುವ ಕಡೆ ನೋಡುತ್ತಾರೆ.

“ಒಂದ ಸಂತಿಗೆ ಅಕಿನ ಇಳದು ಬರಬೇಕು. ನನ್ನ ಬಾಗಲಾಗ ನಿಂತು, ಹೊಟ್ಟ್ಯಾಗಿಂದೆಲ್ಲಾ ಹೊರಗ ಹಾಕಿ, ಬೈದ್ಹೋಗಬೇಕು. ನಾ ತಿರಗಿ ಒಂದ ಮಾತ ಆಡೂದಿಲ್ಲ. ಚಹಾಕ್ಕ ಇಡತೇನಿ, ಅಷ್ಟ.”